ಪದಚರ್ಚೆ: ಗರಗಸದ ಹಲ್ಲಿಗೆ ‘ಹರಿತ’ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಬ್ಯಾಂಡ್ ಸಾ, ಅಂದರೆ ಪಟ್ಟಿಯಂಥ ಬ್ಲೇಡು ಸುತ್ತುತ್ತ ಮರ ಕೊಯ್ಯುವ ಗರಗಸದ ಯಂತ್ರ, ಬಳಸುವವರಿಗೆಂದು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಯಂತ್ರದ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಬ್ಯಾಂಡ್ ಸಾ, ಬ್ಲೇಡು, ಮೋಟರು ಎಲ್ಲ ಹಾಗೇ ಇರಲಿ, ಜನ ಆಡುವುದೇ ಹಾಗೆ. ತೊಡಕು ಶುರುವಾಗುವುದು ಬ್ಲೇಡಿನ ಹಲ್ಲಿನ ಹತ್ತಿರ. ‘ಬ್ಲೇಡು ಹರಿತವಾಗಿದ್ದರೆ ಕೊಯ್ತದ ಗುಣಮಟ್ಟ ಚೆನ್ನಾಗಿರುತ್ತದೆ’ ಎಂದು ಬರೆದರೆ ವಾಕ್ಯವೇನೋ ಸರಿಯೇ, ಆದರೆ ಓದಿದವರಿಗೆ ಗಿಟ್ಟುವುದು ಸೊನ್ನೆ. ಮುಟ್ಟಿದರೆ ರಕ್ತ ಬರುವಷ್ಟು ಚೂಪಾದ ಬ್ಲೇಡು ಹಾಕಿಯೂ ಹಲಗೆ ಸೊಟ್ಟಗೆ ಬರಬಹುದು, ಮರ ಸುಟ್ಟ ವಾಸನೆ ಬರಬಹುದು. ಆಗ ‘ಹರಿತ’ ಎಂಬ ಪದ ಕೈಕೊಡುತ್ತದೆ. ಹರಿತವನ್ನೂ ಗುಣಮಟ್ಟವನ್ನೂ ಬಿಡಿಸಿ ಹೇಳುವ ಪದಗಳು ಬೇಕು. ನನಗೆ ತೋಚಿದ್ದನ್ನು ಕೆಳಗೆ ಬರೆದಿದ್ದೇನೆ, ಬಲ್ಲವರು ತಿದ್ದಬೇಕು.

ಮೊದಲು ಕ್ರಿಯಾಪದ. ಅನುವಾದಗಳಲ್ಲಿ ಎಲ್ಲಕ್ಕೂ ‘ಕತ್ತರಿಸು’ ಬಂದು ಕೂರುತ್ತದೆ. ಕತ್ತರಿಸುವುದು ಕತ್ತರಿಯ ಕೆಲಸ, ಕಡಿಯುವುದು ಕೊಡಲಿಯದು, ಸೀಳುವುದು ಬೆಣೆಯದು. ಗರಗಸದ್ದು ಕೊಯ್ಯುವುದು. ಇದು ಇಂದು ನಿನ್ನೆಯ ಬಳಕೆಯಲ್ಲ. ಬಸವಣ್ಣನವರ ವಚನದಲ್ಲಿ ಭಕ್ತಿಯು ಕರಗಸದಂತೆ ಹೋಗುತ್ತಲೂ ಕೊಯ್ಯುತ್ತದೆ, ಬರುತ್ತಲೂ ಕೊಯ್ಯುತ್ತದೆ. 12ನೆಯ ಶತಮಾನದಲ್ಲೇ ಪದವೂ ಅದರ ಕ್ರಿಯೆಯೂ ಜೊತೆಗಿವೆ. ಬ್ಯಾಂಡ್ ಸಾ ಮಾತ್ರ ಬರುತ್ತ ಕೊಯ್ಯುವುದಿಲ್ಲ. ಅದು ಎರಡು ಚಕ್ರಗಳ ಮೇಲೆ ಸುತ್ತುವ ಕೊನೆಮೊದಲಿಲ್ಲದ ಪಟ್ಟಿ, ಮೇಜಿನ ಮೇಲಿನ ಮರವನ್ನು ಯಾವಾಗಲೂ ಕೆಳಮುಖವಾಗಿಯೇ ಕೊಯ್ಯುತ್ತದೆ. ಹಾಗಾಗಿ ಅದನ್ನು ‘ಅಲಗು’ ಎನ್ನಲು ನನಗೆ ಮನಸ್ಸಿಲ್ಲ. ಅಲಗು ಎಂದರೆ ಕತ್ತಿಯಂತೆ ನೆಟ್ಟಗೆ ನಿಲ್ಲುವಂಥದ್ದು. ಇದು ಬಿಗಿದು ಕಟ್ಟಿದರೆ ಮಾತ್ರ ನೆಟ್ಟಗಿರುತ್ತದೆ.

ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ದಪ್ಪವನ್ನೇ ಎರಡಾಗಿ ಕೊಯ್ದು ತೆಳು ಹಲಗೆ ತೆಗೆಯುವ ಕೆಲಸಕ್ಕೂ ಒಂದು ಹೆಸರು ಬೇಕು. ಇಂಗ್ಲಿಷಿನ ‘ರಿಸಾ’ ಪದವನ್ನು ಹಾಗೇ ತಂದು ‘ಮರುಕೊಯ್ತ’ ಎಂದರೆ ಎರಡನೆಯ ಫಸಲಿನ ಮಾತಿನಂತೆ ಕೇಳುತ್ತದೆ. ‘ತೆಳುಗೊಯ್ತ’ ಆದೀತೇ?

ಇನ್ನು ಹರಿತ ಮಾಡುವುದು. ಇಲ್ಲಿ ಕನ್ನಡಕ್ಕೆ ಬಡತನವಿಲ್ಲ: ಮಸೆ, ಸಾಣೆ ಹಿಡಿ, ಅರದಿಂದ ಉಜ್ಜು, ಹದ ಹಾಕು. ಆದರೆ ಇವು ಒಂದರ ಬದಲು ಇನ್ನೊಂದನ್ನು ಬಳಸುವ ಪದಗಳಲ್ಲ. ಮಸೆಯುವುದು ಕಲ್ಲಿನ ಮೇಲೆ ಅಂಚನ್ನು ಆಚೀಚೆ ಎಳೆಯುವುದು. ಅದು ಚಾಕುವಿಗೆ, ಉಳಿಗೆ ಒಪ್ಪುತ್ತದೆ. ಗರಗಸಕ್ಕೆ ‘ಹಲ್ಲು ಮಸೆ’ ಎಂದು ಬರೆದರೆ ಬ್ಲೇಡಿಗೆ ನಿಮ್ಮ ಮೇಲೆ ದ್ವೇಷವಿದೆ ಎಂದಾಗುತ್ತದೆ! ಅರ ಹಿಡಿದು ಒಂದೊಂದೇ ಹಲ್ಲನ್ನು ಉಜ್ಜುವುದು ಬೇರೆ ಕೆಲಸ, ತಿರುಗುವ ಸಾಣೆಕಲ್ಲು ಕೊಡುವುದು ಇನ್ನೂ ಬೇರೆ. ಈ ಭೇದ ಬರೀ ಭಾಷೆಯದಲ್ಲ. ಸಾದಾ ಕಾರ್ಬನ್ ಉಕ್ಕಿನ ಬ್ಲೇಡಿನಲ್ಲೂ ಹಲ್ಲಿನ ತುದಿಯನ್ನಷ್ಟೇ ಗಡಸು ಮಾಡಿದ್ದರೆ ಅರ ಹಿಡಿಯದೆ ಜಾರುತ್ತದೆ. ಬೈಮೆಟಲ್, ಅಂದರೆ ಎರಡು ಲೋಹ ಬೆಸೆದ, ಬ್ಲೇಡಿನ ತುದಿ ಹೈಸ್ಪೀಡ್ ಸ್ಟೀಲಿನದು, ಅದಕ್ಕೆ ಸಾಣೆಯೇ ಗತಿ. ಕಾರ್ಬೈಡ್ ತುದಿಗಂತೂ ವಜ್ರದ ಪುಡಿ ಹಚ್ಚಿದ ಚಕ್ರ ಬೇಕು. ಆದ್ದರಿಂದ ‘ಹರಿತಗೊಳಿಸಿ’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು ‘ಅರ ಹಾಕಿ’, ‘ಸಾಣೆ ಕೊಡಿ’ ಎಂದೇ ಬರೆಯಬೇಕು ಎಂಬುದು ನನ್ನ ಪಕ್ಷ.

ಸಾಣೆಯ ಜೊತೆಗೇ ‘ಹದ’ ಬರುತ್ತದೆ. ಕೆಲವರು ಚೂಪು ಮಾಡುವುದನ್ನೂ ಹದ ಹಾಕುವುದು ಎನ್ನುತ್ತಾರೆ, ಉಕ್ಕನ್ನು ಕಾಯಿಸಿ ಗಡಸುತನ ತರುವುದನ್ನೂ ಹಾಗೇ ಎನ್ನುತ್ತಾರೆ. ಕೈಪಿಡಿಯಲ್ಲಿ ಈ ಎರಡೂ ಕೂಡಿದರೆ ಅನಾಹುತ. ಕಲ್ಲನ್ನು ಒಂದೇ ಹಲ್ಲಿನ ಮೇಲೆ ಒತ್ತಿ ಹಿಡಿದರೆ ತುದಿ ಬಿಸಿಯಾಗಿ ನೀಲಿ ತಿರುಗುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಎಂದು ಆ ಬಣ್ಣದ ಅರ್ಥ. ಕಾರ್ಬನ್ ಉಕ್ಕಾದರೆ ಆ ಹಲ್ಲು ಮೆತ್ತಗಾಯಿತು. ನೋಡಲು ಚೂಪಾಗಿರುತ್ತದೆ, ನಾಲ್ಕು ಹಲಗೆ ಕೊಯ್ಯುವುದರೊಳಗೆ ಮೊಂಡಾಗುತ್ತದೆ. ಅಂದರೆ ಸಾಣೆ ಬಂತು, ಹದ ಹೋಯಿತು. ಈ ವಾಕ್ಯ ಅರ್ಥವಾಗಬೇಕಾದರೆ ‘ಹದ’ವನ್ನು ಉಕ್ಕಿನ ಗುಣಕ್ಕೆ ಮೀಸಲಿಟ್ಟು, ಅಂಚಿನ ಚೂಪಿಗೆ ‘ಹರಿತ’ವನ್ನು ಇಟ್ಟುಕೊಳ್ಳಬೇಕು. ಒಪ್ಪುವಿರಾ?

ನನ್ನನ್ನು ಹೆಚ್ಚು ಕಾಡಿದ್ದು ಹಲ್ಲು ಬಾಗಿಸುವುದಕ್ಕೆ ಹೆಸರು. ಗರಗಸದ ಹಲ್ಲುಗಳು ಒಂದೇ ಸಾಲಿನಲ್ಲಿ ನೆಟ್ಟಗಿರುವುದಿಲ್ಲ. ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ತುಸುವೇ ಬಾಗಿಸಿರುತ್ತಾರೆ. ಕೆಲವು ಬ್ಲೇಡುಗಳಲ್ಲಿ ಎಡ ಬಲ ಆದ ಮೇಲೆ ಒಂದು ಹಲ್ಲು ನೆಟ್ಟಗೆ ಉಳಿಯುತ್ತದೆ. ಇದರಿಂದ ಬ್ಲೇಡು ತನ್ನ ಮೈಗಿಂತ ಅಗಲವಾದ ದಾರಿ ಮಾಡಿಕೊಳ್ಳುತ್ತದೆ, ಮೈದಪ್ಪ 0.6 ಮಿ.ಮೀ. ಇದ್ದರೆ ದಾರಿ 1 ಮಿ.ಮೀ. ಆಸುಪಾಸು. ಈ ಬಿಡುವು ಇಲ್ಲದಿದ್ದರೆ ಬ್ಲೇಡಿನ ಮೈ ಮರಕ್ಕೆ ಒರಸಿ ಕಾಯುತ್ತದೆ, ಬಳಸುಗೆರೆಯಲ್ಲಿ (ಬಾಗಿದ ಗೆರೆಯಲ್ಲಿ) ತಿರುಗಲು ಜಾಗವೇ ಇರುವುದಿಲ್ಲ. ಸುಟ್ಟ ವಾಸನೆಯ ಮೂಲ ಎಷ್ಟೋ ಸಲ ಇಲ್ಲಿರುತ್ತದೆ. ಬಾಗಿಸಿರುವುದು ಹಲ್ಲಿನ ಮೇಲ್ಭಾಗವನ್ನಷ್ಟೇ. ಪ್ರತಿ ಸಲ ಸಾಣೆ ಕೊಟ್ಟಾಗಲೂ ಹೆಚ್ಚು ಬಾಗಿದ ಆ ತುದಿಯೇ ಸವೆಯುತ್ತದೆ. ಹಾಗಾಗಿ ಸಾಣೆಯ ಮೇಲೆ ಸಾಣೆ ಕೊಡುತ್ತ ಹೋದ ಬ್ಲೇಡು ಹರಿತವಾಗಿದ್ದೂ ಇಕ್ಕಟ್ಟಿನಲ್ಲಿ ಓಡುತ್ತದೆ, ಮತ್ತೆ ಬಾಗಿಸದೆ ವಿಧಿಯಿಲ್ಲ. ಬಾಗು ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆಯಾದರೆ ಬ್ಲೇಡು ಹೆಚ್ಚಿದ್ದ ಕಡೆಗೇ ಎಳೆಯುತ್ತದೆ.

ಇದಕ್ಕೆ ‘ಓರೆ’ ಎನ್ನೋಣವೆಂದರೆ ಹಲ್ಲಿಗೆ ಇನ್ನೊಂದು ಓರೆಯೂ ಇದೆ: ಓಡುವ ದಿಕ್ಕಿಗೆ ಮುಂದಕ್ಕೆ ವಾಲಿರುವುದು. ಸಾದಾ ಹಲ್ಲಿನ ಮುಂಬದಿ ಪಟ್ಟಿಗೆ ಲಂಬವಾಗಿರುತ್ತದೆ. ಕೊಕ್ಕೆ ಹಲ್ಲು ಸುಮಾರು 10 ಡಿಗ್ರಿ ಮುಂದಕ್ಕೆ ವಾಲಿ, ಮರವನ್ನು ಕಚ್ಚಿ ಎಳೆದುಕೊಳ್ಳುತ್ತದೆ. ದಪ್ಪ ಮರಕ್ಕೆ ಅದು ಒಳ್ಳೆಯದು, ಆದರೆ ಕೊಯ್ದ ಮರದ ಮೈ ಒರಟಾಗುತ್ತದೆ. ಎರಡನ್ನೂ ಓರೆ ಎಂದರೆ ಓದುಗ ದಾರಿ ತಪ್ಪುತ್ತಾನೆ. ಆದ್ದರಿಂದ ಎಡಬಲಕ್ಕೆ ‘ಪಕ್ಕಬಾಗು’, ಮುಂದಕ್ಕೆ ‘ಮುಂಬಾಗು’ ಎಂದು ಸೂಚಿಸುತ್ತಿದ್ದೇನೆ. ಪಕ್ಕಬಾಗನ್ನು ಇಂಗ್ಲಿಷಿನಂತೆ ‘ಸೆಟ್’ ಎಂದೇ ಬಿಡಬಹುದಲ್ಲ ಎನ್ನುವವರಿಗೆ: ಬಿಡಬಹುದು, ಆದರೆ ಕನ್ನಡದಲ್ಲಿ ಸೆಟ್ ಆಗುವುದು ಎಂದರೆ ಸರಿಹೊಂದುವುದು. ‘ಹಲ್ಲು ಸೆಟ್ ಆಗಿಲ್ಲ’ ಎಂದರೆ ಯಾವ ಅರ್ಥ ಹಿಡಿಯೋಣ?

ಎರಡು ಹಲ್ಲುಗಳ ನಡುವಿನ ಬಾಗಿದ ಜಾಗಕ್ಕೆ, ಇಂಗ್ಲಿಷಿನ ‘ಗಲೆಟ್’ ನೋಡಿ, ‘ಗಂಟಲು’ ಎಂಬುದನ್ನು ನಾನು ಒಪ್ಪಲಾರೆ. ಬ್ಲೇಡಿನಿಂದ ಯಂತ್ರದ ಕಂಬದವರೆಗಿನ ಅಂತರಕ್ಕೆ ಆ ಹೆಸರು ಬೇಕಾಗುತ್ತದೆ. ‘ಹಲ್ಲಿನ ಕುಳಿ’ ಎಂದರೆ ದಂತವೈದ್ಯರ ನೆನಪು. ‘ಹಲ್ಲುಸಂದು’ ನನಗೆ ಹಿಡಿಸಿತು, ಏಕೆಂದರೆ ಅಲ್ಲಿ ನಡೆಯುವುದೂ ಅದೇ, ಸಿಕ್ಕಿಕೊಳ್ಳುವುದು. ಕೊಯ್ದ ಹೊಟ್ಟು ಮರದೊಳಗಿಂದ ಹೊರಬರುವವರೆಗೆ ಈ ಸಂದಿನಲ್ಲೇ ಕೂತಿರಬೇಕು. ಸಂದು ತುಂಬಿದರೆ ಹಲ್ಲು ಮರವನ್ನು ಮುಟ್ಟುವುದಿಲ್ಲ, ನೂಕಿದಷ್ಟೂ ಬ್ಲೇಡು ಬಾಗುತ್ತದೆ. ಬ್ಲೇಡು ಆರಿಸುವಾಗ ಅಂಗುಲಕ್ಕೆ ಎಷ್ಟು ಹಲ್ಲು ಎಂದು ಕೇಳುವುದರ ಹಿಂದೆ ಇರುವುದು ಇದೇ ಸಂದಿನ ಲೆಕ್ಕ. ಆರಂಗುಲ ದಪ್ಪದ ಮರಕ್ಕೆ ಅಂಗುಲಕ್ಕೆ 3 ಹಲ್ಲು ಸಾಕು. ಅಲ್ಲಿ 14 ಹಲ್ಲಿನದನ್ನು ಹಾಕಿದರೆ ಕೊಯ್ಯುವುದಕ್ಕಿಂತ ಉಜ್ಜುವುದೇ ಹೆಚ್ಚು. ಆ 14 ಹಲ್ಲಿನದು ತೆಳು ಪ್ಲೈವುಡ್ಡಿಗೆ ಸರಿ. ಸಾಣೆ ಕೊಡುವಾಗ ಸಂದಿನ ತಳವನ್ನು ಗುಂಡಗೇ ಉಳಿಸಬೇಕು. ಮೂಲೆ ಬಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅಂದ ಹಾಗೆ ‘ದೊಡ್ಡ ಹಲ್ಲು, ಸಣ್ಣ ಹಲ್ಲು’ ಎಂಬ ಮಾತು ಎತ್ತರವನ್ನೂ ಅಂತರವನ್ನೂ ಕಲಸುತ್ತದೆ. ‘ಹಲ್ಲು ವಿರಳ, ಹಲ್ಲು ಒತ್ತು’ ಎಂದರೆ ಗೊಂದಲವಿಲ್ಲ.

ಬ್ಲೇಡಿನ ಅಗಲ, ದಪ್ಪ ಎಂಬ ಪದಗಳಿಗೆ ಚರ್ಚೆ ಬೇಕಿಲ್ಲ. ಅಗಲ ಎಂದರೆ ಹಲ್ಲಿನ ತುದಿಯಿಂದ ಬೆನ್ನಿನವರೆಗೆ ಎಂದು ಒಮ್ಮೆ ಹೇಳಿದರಾಯಿತು. 6 ಮಿ.ಮೀ. ಅಗಲದ್ದು ಸುಮಾರು 16 ಮಿ.ಮೀ. ತ್ರಿಜ್ಯದ ಬಳಸುಗೆರೆಯಲ್ಲಿ ತಿರುಗುತ್ತದೆ, 12 ಮಿ.ಮೀ. ಅಗಲದ್ದಕ್ಕೆ 65 ಮಿ.ಮೀ.ಯಾದರೂ ಬೇಕು.

ಕೊನೆಗೆ ‘ಗುಣಮಟ್ಟ’. ಇದರೊಳಗೆ ನೇರ, ನುಣುಪು ಎಂಬ ಎರಡು ಬೇರೆ ಸಂಗತಿಗಳಿವೆ, ಒಂದು ಬಂದರೆ ಇನ್ನೊಂದು ಬರಬೇಕೆಂದೇನಿಲ್ಲ. ವಿರಳ ಹಲ್ಲಿನ ಅಗಲ ಬ್ಲೇಡು ದಪ್ಪ ಮರವನ್ನು ನೇರವಾಗಿ ಕೊಯ್ಯುತ್ತದೆ, ಮೈಯನ್ನು ಒರಟು ಬಿಡುತ್ತದೆ. ಅದನ್ನು ಹತ್ತರಿ (ಮರದ ಮೈ ಹೆರೆಯುವ ಉಪಕರಣ) ಹೊಡೆದು ಸರಿಮಾಡಬಹುದು. ಒತ್ತು ಹಲ್ಲಿನದು ಅದೇ ಮರದಲ್ಲಿ ನುಣುಪು ಕೊಟ್ಟಂತೆ ಕಂಡರೂ ನಡುವೆ ಹೊಟ್ಟೆ ಬರಿಸುತ್ತದೆ. ಮೇಲೆ ಕೆಳಗೆ ಗೆರೆಯ ಮೇಲೇ ಇರುತ್ತದೆ, ಮರದೊಳಗೆ ಬಾಗಿರುತ್ತದೆ. ಅಂಥ ಹಲಗೆಗೆ ಹತ್ತರಿಯಿಂದ ಪ್ರಯೋಜನವಿಲ್ಲ. ಗೋಡೆಗೆ ‘ಹೊಟ್ಟೆ ಬಂದಿದೆ’ ಎನ್ನುವ ಮಾತನ್ನೇ ಇಲ್ಲಿಗೂ ತರಬಹುದೆಂದು ನನಗನ್ನಿಸುತ್ತದೆ. ಕೆಳಮೈಯಲ್ಲಿ ಎಳೆ ಕಿತ್ತು ಬರುವುದಕ್ಕೆ ‘ಸಿಬಿರು ಏಳುವುದು’ ಇದ್ದೇ ಇದೆ.

ಇನ್ನೂ ಪದ ಸಿಗದಿರುವುದು ಎರಡಕ್ಕೆ. ಕೊಯ್ದ ಮೈಮೇಲೆ ಸಾಲುಸಾಲಾಗಿ ಏಳುವ ಅಡ್ಡ ಏರುತಗ್ಗುಗಳಿಗೆ ಏನೆನ್ನೋಣ? ‘ಬರೆ’ ಎಂದರೆ ಸುಟ್ಟ ಗುರುತು ಎಂದುಕೊಂಡಾರು, ‘ಅಲೆ’ ಎಂದರೆ ತೀರ ಕಾವ್ಯವಾಯಿತು. ಮರವನ್ನು ನೇರ ನೂಕಿದರೂ ಬ್ಲೇಡು ಗೆರೆ ಬಿಟ್ಟು ಒಂದೇ ಕಡೆಗೆ ಸರಿಯುತ್ತ ಹೋಗುವುದಕ್ಕೆ ‘ಎಳೆತ’ ಎನ್ನಲೇ, ‘ಜಾರು’ ಎನ್ನಲೇ? ಮರಗೆಲಸದ ಮನೆತನದವರು ಅಥವಾ ಅವರೊಡನೆ ಮಾತಾಡಿದವರು ಇಲ್ಲಿದ್ದರೆ ನಿಘಂಟು ನೋಡದೆ, ಕೆಲಸದ ಹೊತ್ತಿನಲ್ಲಿ ಬಾಯಿಗೆ ಬರುವ ಪದವನ್ನೇ ತಿಳಿಸಿ.