ಘಾಟಿ ಹತ್ತುತ್ತದೆ, ಸಮ ರಸ್ತೆಯಲ್ಲಿ ಮಿಸ್ಸಿಂಗ್: ಹಳೆ ಅಂಬಾಸಿಡರ್‌ಗೆ ಏನಾಗಿದೆ?

ಪ್ರಶ್ನೆ: ಸರ್, ನಮ್ಮಪ್ಪ ಕೊಂಡಿದ್ದ 1972ರ ಅಂಬಾಸಿಡರ್ ಮಾರ್ಕ್ 2 ಇದೆ, ಪೆಟ್ರೋಲ್ ಗಾಡಿ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗೂ ಚೆನ್ನಾಗಿದೆ. ಆದರೆ ತೀರ್ಥಹಳ್ಳಿ ಕಡೆ ಸಮ ರಸ್ತೆಯಲ್ಲಿ 50–60ರಲ್ಲಿ ಆರಾಮಾಗಿ ಹೋಗುವಾಗ ಮಿಸ್ಸಿಂಗ್ ಶುರು. ಗಾಡಿ ಜಗ್ಗುತ್ತದೆ, ಸೈಲೆನ್ಸರ್‌ನಲ್ಲಿ ಪಟ್ ಪಟ್. ವಿಚಿತ್ರ ಅಂದರೆ, ಮೊನ್ನೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೆ, ಒಂದು ಸಲವೂ ಮಿಸ್ ಆಗಲಿಲ್ಲ. ಪ್ಲಗ್, ಪ್ಲಗ್ ವೈರ್, ಕಾಯಿಲ್ ಎಲ್ಲ ಹೊಸದು. ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿಸಿದ್ದಾಯಿತು. ಇನ್ನೇನು ಬದಲಿಸಲಿ?

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ನಿಮ್ಮ ಘಾಟಿಯೇ ಅರ್ಧ ಉತ್ತರ ಹೇಳಿದೆ.

ಪೂರ್ತಿ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ. ಆಗ ಕಿಡಿ ಹಾರುವುದೇ ಕಷ್ಟ. ಪ್ಲಗ್, ಕಾಯಿಲ್ ಸೋತಿದ್ದರೆ ಘಾಟಿಯಲ್ಲೇ ಮೊದಲು ಕೈಕೊಡಬೇಕಿತ್ತು. ಅಲ್ಲಿ ಪಾಸಾಗಿವೆ. ಹಾಗಾದರೆ ಹಗುರವಾಗಿ ಒತ್ತಿದಾಗ ಮಾತ್ರ ಕೆಲಸ ಮಾಡುವುದು ಯಾವುದು? ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿರುವ ಚಿಕ್ಕ ಡಬ್ಬಿ, ವ್ಯಾಕ್ಯೂಮ್ ಅಡ್ವಾನ್ಸ್. ಕಿಡಿಯನ್ನು ತುಸು ಬೇಗ ಹಾರಿಸುವುದು ಇದರ ಕೆಲಸ. ಹಗುರವಾಗಿ ಒತ್ತಿದಾಗ ಇಂಜಿನ್ನಿನ ಗಾಳಿ ಎಳೆತ ಜೋರಾಗಿ, ಅದು ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಕೂತ ಪ್ಲೇಟನ್ನು ತುಸು ತಿರುಗಿಸುತ್ತದೆ. ಪೂರ್ತಿ ಒತ್ತಿದರೆ ಎಳೆತ ಹೋಗಿ ಪ್ಲೇಟ್ ವಾಪಸ್ ಬರುತ್ತದೆ.

ಆ ಪ್ಲೇಟಿಗೆ ಎರಡು ಸಣ್ಣ ವೈರ್ ಇವೆ. ಒಂದು ಹೊರಗಿನ ಟರ್ಮಿನಲ್‌ನಿಂದ ಪಾಯಿಂಟ್‌ಗೆ, ಇನ್ನೊಂದು ಪ್ಲೇಟಿನಿಂದ ಬಾಡಿಗೆ ಹೋಗುವ ಅರ್ತ್ ವೈರ್. ಗಾಡಿ ಓಡಿದಷ್ಟು ದಿನವೂ ಇವು ಬಾಗುತ್ತಲೇ ಇರುತ್ತವೆ. 50 ವರ್ಷದಲ್ಲಿ ಒಳಗಿನ ಎಳೆಗಳು ತುಂಡಾಗಿ, ಮೇಲಿನ ಬಟ್ಟೆ ಮಾತ್ರ ನೆಟ್ಟಗೆ ಕಾಣುತ್ತದೆ. ಕಣ್ಣಿಗೆ ಮೋಸ. ಪ್ಲೇಟ್ ತಿರುಗಿದಾಗ ಆ ತುಂಡುಗಳು ದೂರವಾಗಿ ಕಿಡಿ ತಪ್ಪುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ವ್ಯಾಕ್ಯೂಮ್ ಪೈಪನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ಕಳಚಿ, ಪೈಪಿನ ಬಾಯಿ ಮುಚ್ಚಿ, ಅದೇ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬನ್ನಿ. ಮಿಸ್ಸಿಂಗ್ ಹೋದರೆ ಕಳ್ಳ ಡಿಸ್ಟ್ರಿಬ್ಯೂಟರ್‌ನಲ್ಲೇ ಇದ್ದಾನೆ. ಹಾಗೇ ಇದ್ದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಕಮ್ಮಿ ಬರುತ್ತಿರಬಹುದು. ಆಗ ನಾಲ್ಕನೇ ಸಲ ಬಿಚ್ಚಿಸಿ, ನಾನು ಬೇಡ ಅನ್ನುವುದಿಲ್ಲ.

ಪ್ರಶ್ನೆ ಕೇಳಿದವರು: ಪೈಪ್ ಕಳಚಿ ಓಡಿಸಿದೆ ಸರ್. ಮಿಸ್ಸಿಂಗ್ ಪೂರಾ ಮಾಯ! ಎರಡರಲ್ಲಿ ಯಾವ ವೈರ್ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಇಗ್ನಿಷನ್ ಆಫ್ ಮಾಡಿ. ಕಾಯಿಲ್‌ನಿಂದ ಬರುವ ತೆಳು ವೈರನ್ನು ಡಿಸ್ಟ್ರಿಬ್ಯೂಟರ್ ಟರ್ಮಿನಲ್‌ನಿಂದ ಬಿಚ್ಚಿ. ಕ್ಯಾಪ್, ರೋಟರ್ ತೆಗೆದು, ಪಾಯಿಂಟ್ ಮುಚ್ಚಿರುವ ಹಾಗೆ ಇಂಜಿನ್ ತಿರುಗಿಸಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಟರ್ಮಿನಲ್‌ಗೆ, ಇನ್ನೊಂದು ಡಿಸ್ಟ್ರಿಬ್ಯೂಟರ್ ಬಾಡಿಗೆ. ಓಂ ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಈಗ ಆ ಡಬ್ಬಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾಯಿಂದ ಗಾಳಿ ಎಳೆಯಿರಿ (ರುಚಿ ಕೇಳಬೇಡಿ). ಪ್ಲೇಟ್ ತಿರುಗುವಾಗ ಮೀಟರ್ ಕುಣಿದರೆ ಸಿಕ್ಕಿಬಿತ್ತು. ಅದೇ ಸ್ಥಿತಿಯಲ್ಲಿ ಎರಡನೇ ಕಡ್ಡಿಯನ್ನು ಬಾಡಿಯಿಂದ ಪ್ಲೇಟಿಗೆ ಬದಲಿಸಿ. ಈಗ ಸೊನ್ನೆ ಬಂದರೆ ತಪ್ಪು ಅರ್ತ್ ವೈರಿನದು. ಇಲ್ಲದಿದ್ದರೆ ಇನ್ನೊಂದರದು.

ಎಳೆದಾಗ ಪ್ಲೇಟ್ ಅಲ್ಲಾಡಲೇ ಇಲ್ಲ ಅಂದರೆ ಡಬ್ಬಿ ಒಳಗಿನ ಡಯಾಫ್ರಮ್ (ತೆಳು ಪರದೆ) ಹರಿದಿರಬಹುದು, ಅದು ಬೇರೆ ಕತೆ. ಹೊಸ ವೈರ್ ಹಾಕುವಾಗ ಮನೆ ವೈರಿಂಗ್‌ನ ಗಟ್ಟಿ ವೈರ್ ಬೇಡ, ತಿಂಗಳಲ್ಲಿ ಮುರಿಯುತ್ತದೆ. ಕೂದಲಿನಂಥ ಎಳೆಗಳಿರುವ ಮೆತ್ತನೆಯದು ಬೇಕು. ಆಮೇಲೆ ಪಾಯಿಂಟ್ ಗ್ಯಾಪ್ 0.014–0.016 ಇಂಚಿಗೆ ಇಟ್ಟು, ಟೈಮಿಂಗ್ (ಕಿಡಿ ಹಾರುವ ಹೊತ್ತು) ಇನ್ನೊಮ್ಮೆ ನೋಡಿಸಿ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ.

ಇನ್ನೊಬ್ಬರು: ನನ್ನದು ಪದ್ಮಿನಿ ಕಾರು ಸರ್. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಮಿಸ್ ಹೊಡೆದು ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ಸರಿ. ಎಲ್ಲರೂ ಬಿಸಿಗೆ ಪೆಟ್ರೋಲ್ ಆವಿಯಾಗಿದೆ, ಇಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕು ಅಂತಾರೆ.

ಉತ್ತರ: ಬಟ್ಟೆ ಹಾಕುವ ಮೊದಲು ಕಿಡಿ ನೋಡಿ. ನಿಂತ ಕೂಡಲೇ ಕಾಯಿಲ್‌ನ ದಪ್ಪ ವೈರನ್ನು ಕ್ಯಾಪ್‌ನಿಂದ ಎಳೆದು, ಒಣ ಇಕ್ಕಳದಲ್ಲಿ ಹಿಡಿದು, ಬ್ಲಾಕಿನಿಂದ ಸುಮಾರು 6 ಮಿ.ಮೀ. ದೂರ ಇಟ್ಟು ಸೆಲ್ಫ್ ಹೊಡೆಸಿ. ಹತ್ತಿರ ಪೆಟ್ರೋಲ್ ವಾಸನೆ ಇದ್ದರೆ ಮಾತ್ರ ಈ ಕೆಲಸ ಬೇಡ. ನೀಲಿ ಕಿಡಿ ಚಟ್ ಅಂತ ಹಾರಿದರೆ ಕಾಯಿಲ್‌ವರೆಗೆ ಸರಿ ಇದೆ, ಆಗ ಬಟ್ಟೆ ಹಾಕಿ ನೋಡಿ. ಹಳದಿಯಾಗಿ ಸಣಕಲಾಗಿದ್ದರೆ ಮೊದಲ ಅನುಮಾನ ಪಾಯಿಂಟ್ ಜೊತೆಗಿರುವ ಕಂಡೆನ್ಸರ್ (ಕೆಪಾಸಿಟರ್), ಆಮೇಲೆ ಕಾಯಿಲ್. ಕಂಡೆನ್ಸರ್ ಬದಲಿಸಿದರೆ ಹಳೆಯದನ್ನು ಎಸೆಯಬೇಡಿ. ಈಗ ಸಿಗುವ ಹೊಸದರಲ್ಲಿ ಎಷ್ಟೋ ಹಳೆಯದಕ್ಕಿಂತ ಕಡೆ.

ಮತ್ತೊಬ್ಬರು: ಇದೆಲ್ಲ ರಗಳೆಯೇ ಬೇಡ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ?

ಉತ್ತರ: ಹಾಕಿಸಿ. ಪಾಯಿಂಟ್ ತಾಪತ್ರಯ ಹೋಗುತ್ತದೆ. ಆದರೆ ಅದು ಕೂರುವುದೂ ಅದೇ ತಿರುಗುವ ಪ್ಲೇಟಿನ ಮೇಲೆ. ಅದರ ವೈರೂ ಬಾಗುತ್ತದೆ.

ಪ್ರಶ್ನೆ ಕೇಳಿದವರು: ಅರ್ತ್ ವೈರೇ ಸರ್! ಮೇಲೆ ಹೊಸದರ ಹಾಗೆ ಇತ್ತು. ಬೆರಳಲ್ಲಿ ಸುಮ್ನೆ ಎಳೆದೆ, ಎರಡು ತುಂಡು. ಬಿಚ್ಚಿಟ್ಟ ಹಳೆ ಕಾಯಿಲನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.