ಪುಟ್ಟಿ ಲೈಬ್ರರಿ ಸಯನ್ಸ್ ಓದಲಿ ಮಾವ

ಮಾವ, ವಾಯ್ಸ್ ಮೆಸೇಜೇ ಹಾಕೋಣ ಅಂತ ಇದ್ದೆ, ಆದರೆ ಪಕ್ಕದ ಮನೆಯಲ್ಲಿ ಟೈಲ್ಸ್ ಕೊಯ್ಯುತ್ತಿದ್ದಾರೆ, ನನ್ನ ಸ್ವರ ನಿಮಗೆ ಕೇಳಲಿಕ್ಕಿಲ್ಲ. ಅದಕ್ಕೆ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ, ಬೈಬೇಡಿ.

ನಿನ್ನೆ ರಾತ್ರಿ ನೀವು ಗ್ರೂಪಲ್ಲಿ ಕೇಳಿದಿರಲ್ಲ, ಪುಟ್ಟಿ ಬಾಟನಿ ಬಿಎಸ್ಸಿ ಮುಗಿಸಿ ಲೈಬ್ರರಿ ಸಯನ್ಸ್ ಓದುತ್ತೇನೆ ಅನ್ನುತ್ತಾಳೆ, ಪುಸ್ತಕಕ್ಕೆ ಸೀಲು ಹೊಡೆಯಲು ಬಿಎಸ್ಸಿ ಯಾಕೆ ಬೇಕಿತ್ತು ಅಂತ. ಕೆಳಗೆ ನಾಲ್ಕು ಜನ ನಗುವ ಎಮೋಜಿ ಹಾಕಿದ್ದನ್ನೂ ನೋಡಿದೆ. ಹದಿನಾಲ್ಕು ವರ್ಷದಿಂದ ಅದೇ ಕೆಲಸದಲ್ಲಿ ಇರುವವಳು ನಾನು, ಸುಮ್ನೆ ಇರಲು ಆಗಲಿಲ್ಲ.

ನಮ್ಮ ತೋಟದ್ದೇ ಹೇಳುತ್ತೇನೆ. ಅಡಿಕೆಯ ಕೊಳೆರೋಗ. ಕಳೆದ ಮಳೆಗಾಲದಲ್ಲಿ ಪಿಎಚ್‌ಡಿ ಮಾಡುವ ಒಂದು ಹುಡುಗಿ ನಮ್ಮ ಲೈಬ್ರರಿಗೆ ಬಂದಳು. ಎರಡು ದಿನ ಕಂಪ್ಯೂಟರಲ್ಲಿ 'ಕೊಳೆರೋಗ' ಅಂತ ಹುಡುಕಿದ್ದಾಳೆ, ಸಿಕ್ಕಿದ್ದರಲ್ಲಿ ಅರ್ಧ ಕಾಫಿ ಗಿಡದ್ದು. ಕಾಫಿಗೂ ಕೊಳೆರೋಗ ಅಂತ ಒಂದು ಉಂಟು, ಆದರೆ ಅದರ ಶಿಲೀಂಧ್ರವೇ ಬೇರೆ. ಅವಳ ಪಕ್ಕ ಕೂತೆ. ನಮ್ಮ ಅಡಿಕೆಯದ್ದು ಮಲಯಾಳದಲ್ಲಿ ಮಹಾಳಿ, ಇಂಗ್ಲಿಷ್ ಪೇಪರಲ್ಲಿ ಫ್ರೂಟ್ ರಾಟ್. ಇನ್ನು ಆ ರೋಗ ತರುವ ಸೂಕ್ಷ್ಮಜೀವಿ ಫೈಟಾಫ್ತೊರಾ ಉಂಟಲ್ಲ, ಮೈಸೂರಿನಲ್ಲಿದ್ದ ವಿಜ್ಞಾನಿ ಕೋಲ್ಮನ್ 1910ರಲ್ಲಿ ವರದಿ ಬರೆದಾಗ ಅದಕ್ಕೆ ಒಂದು ಹೆಸರು, ಆಮೇಲೆ ಅರೆಕೆ ಅಂತಾಯಿತು, ಈಚಿನ ಪೇಪರ್‌ಗಳಲ್ಲಿ ಮೀಡಿಯೈ ಅಂತಲೂ ಬರುತ್ತದೆ. ಹುಡುಕುವಾಗ ಈ ಹೆಸರುಗಳ ಮಧ್ಯೆ 'ಆರ್' (ಇದಾದರೂ ಸರಿ, ಅದಾದರೂ ಸರಿ) ಹಾಕಿ ಸೇರಿಸಿದೆವು, ಕಾಫಿಗೆ 'ನಾಟ್' (ಇದು ಬೇಡ) ಹಾಕಿ ಹೊರಗಿಟ್ಟೆವು. ಅವಳಿಗೆ ಬೇಕಾದದ್ದೆಲ್ಲ ಚಹಾ ಕುಡಿಯುವ ಹೊತ್ತಿಗೆ ಎದುರು ಬಂತು. ನಾನು ಬಾಟನಿ ಓದಿರದಿದ್ದರೆ, ಹೆಸರು ಬದಲಾಗಿರಬಹುದು ಅನ್ನುವುದೇ ನನಗೆ ಹೊಳೆಯುತ್ತಿರಲಿಲ್ಲ ಮಾವ. ಪುಟ್ಟಿಯ ಬಿಎಸ್ಸಿ ಹಾಳಾಗುವುದಲ್ಲ, ಅದೇ ಅವಳ ಬಂಡವಾಳ.

ಲೈಬ್ರರಿ ಸಯನ್ಸಿಗೆ ನಮ್ಮ ದೇಶದಲ್ಲಿ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಕೂಡ ಮೊದಲು ಗಣಿತದ ಮೇಷ್ಟ್ರು. ನಮ್ಮ ಮಂಗಳೂರಿನ ಸರಕಾರಿ ಕಾಲೇಜಲ್ಲೇ ಪಾಠ ಮಾಡಿದವರು! 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. 1962ರಲ್ಲಿ ಬೆಂಗಳೂರಲ್ಲಿ ಈ ವಿದ್ಯೆ ಕಲಿಸುವ ಡಿಆರ್‌ಟಿಸಿ (ಡಾಕ್ಯುಮೆಂಟೇಶನ್ ರಿಸರ್ಚ್ ಆಂಡ್ ಟ್ರೈನಿಂಗ್ ಸೆಂಟರ್) ಶುರು ಮಾಡಿದ್ದೂ ಅವರೇ.

ಎಲ್ಲಿ ಓದುವುದು ಅಂದರೆ, ನನ್ನ ಕೇಳಿದರೆ ಮೊದಲು ಆ ಡಿಆರ್‌ಟಿಸಿಯ ಎಂಟ್ರೆನ್ಸ್ ಬರೆಯಲಿ. ಅದು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಭಾಗ, ಎರಡು ವರ್ಷದ ಎಂಎಸ್, ಓದುವಾಗ ಸ್ಟೈಪೆಂಡ್ ಕೂಡ ಕೊಡುತ್ತಾರೆ. ಕಂಪ್ಯೂಟರ್ ಪಾಠ ಜಾಸ್ತಿ. ಅದು ಸಿಗದಿದ್ದರೆ ಮಂಗಳೂರು ವಿಶ್ವವಿದ್ಯಾಲಯ ಉಂಟು, ತೊಕ್ಕೊಟ್ಟಿನಲ್ಲಿ ಇಳಿದು ಕೊಣಾಜೆ ಬಸ್ಸು ಹಿಡಿದರಾಯಿತು, ಮನೆಯಿಂದಲೇ ಹೋಗಿ ಬರಬಹುದು. ಒಂದೇ ಮಾತು, ಕೇರಳದ ಡಿಗ್ರಿ ಹಿಡಿದು ಕರ್ನಾಟಕಕ್ಕೆ ಹೋಗುವಾಗ ಎಲಿಜಿಬಿಲಿಟಿ, ಮೈಗ್ರೇಶನ್ ಅಂತ ಕಾಗದ ಕೇಳುತ್ತಾರೆ. ನನ್ನನ್ನು ಒಂದು ಆಫೀಸಿನವರು ಅದಕ್ಕೇ ಮೂರು ಸಲ ಓಡಿಸಿದ್ದರು, ಮೂರನೇ ಸಲ ಕ್ಲಾರ್ಕ್ ಊಟಕ್ಕೆ ಹೋಗಿದ್ದಾರೆ ಅಂತ ನಾಲ್ಕು ಗಂಟೆವರೆಗೆ ಬೆಂಚಲ್ಲಿ ಕೂರಿಸಿದರು. ಅರ್ಜಿ ಈಗಲೇ ಹಾಕಿಡಲಿ. ಮತ್ತೆ, ಎಂಎಲ್‌ಐಎಸ್ಸಿಯಲ್ಲಿ, ಅಂದರೆ ಲೈಬ್ರರಿ ಸಯನ್ಸಿನ ಮಾಸ್ಟರ್ ಡಿಗ್ರಿಯಲ್ಲಿ, 55 ಪರ್ಸೆಂಟಿಗಿಂತ ಕೆಳಗೆ ಇಳಿಯಬಾರದು, ಕಾಲೇಜು ಕೆಲಸಕ್ಕೆ ಅಷ್ಟು ಬೇಕೇ ಬೇಕು. ಕಾಲೇಜು ಕೆಲಸದ ಅರ್ಹತೆಗೆ ಇರುವ ಯುಜಿಸಿ ನೆಟ್ ಪರೀಕ್ಷೆಯೂ ಬರೆಯಲಿ.

ಕೆಲಸದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಎಂಜಿನಿಯರಿಂಗ್ ಓದಿದವರ ಹಾಗೆ ಕಂಪೆನಿಯವರು ಕಾಲೇಜಿಗೆ ಬಂದು ಎತ್ತಿಕೊಂಡು ಹೋಗುವುದಿಲ್ಲ. ನನ್ನ ಮೊದಲ ಕೆಲಸ ಒಂದು ಖಾಸಗಿ ಕಾಲೇಜಲ್ಲಿ, ಲೈಬ್ರರಿಯನ್ ಅಂತ ಹೆಸರು, ಮಾಡಿದ್ದು ಐಡಿ ಕಾರ್ಡ್ ಲ್ಯಾಮಿನೇಶನ್ ಮತ್ತು ಪರೀಕ್ಷೆ ಹಾಲ್ ಕಾಯುವುದು! ಹನ್ನೊಂದು ತಿಂಗಳಲ್ಲಿ ಬಿಟ್ಟೆ. ದಾರಿ ಸಿಕ್ಕಿದ್ದು ಟ್ರೈನೀ ಆಗಿ ಸೇರಿದ ಮೇಲೆ. ಬೆಂಗಳೂರಿನ ಐಐಎಸ್ಸಿಯಂಥ ಕಡೆ ಓದು ಮುಗಿಸಿದವರನ್ನು ಲೈಬ್ರರಿ ಟ್ರೈನೀ ಅಂತ ತೆಗೆದುಕೊಳ್ಳುತ್ತಾರೆ. ದುಡ್ಡು ಕಡಿಮೆ, ಆದರೆ ಕೊಹಾ, ಡಿಸ್ಪೇಸ್ ಮುಂತಾದ ಲೈಬ್ರರಿ ಸಾಫ್ಟ್‌ವೇರ್ ಎಲ್ಲ ಕೈಯಾರೆ ನಡೆಸಿ ಕಲಿಯಬಹುದು, ಇಂಟರ್ವ್ಯೂನಲ್ಲಿ ಕೇಳುವುದು ಅದನ್ನೇ. ಆಮೇಲೆ ಇಸ್ರೋದವರೂ ಆಗೊಮ್ಮೆ ಈಗೊಮ್ಮೆ ಲೈಬ್ರರಿ ಅಸಿಸ್ಟೆಂಟ್ ಬೇಕು ಅಂತ ಕರೆಯುತ್ತಾರೆ. ಒಂದೋ ಎರಡೋ ಪೋಸ್ಟ್, ಕಾಯಬೇಕು. ಊರು ಬಿಡುವುದಿಲ್ಲ ಅಂತ ಕೂತರೆ ಕಷ್ಟ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವಾಗ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಗೇಟು ನೋಡುತ್ತೀರಲ್ಲ, 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದದ್ದು, ಅಂಥ ಜಾಗ ನಮ್ಮ ಮನೆ ಹತ್ತಿರ ಎಷ್ಟಿವೆ ಹೇಳಿ?

ಎಲ್ಲ ನೆಟ್ಟಲ್ಲೇ ಸಿಗುವಾಗ ಲೈಬ್ರರಿ ಯಾಕೆ ಅಂತ ಭಾವ ಕೇಳಿದ್ದಾರೆ. ಭಾವ, ಆ ನೆಟ್ಟಲ್ಲಿ ಇರುವುದಕ್ಕೇ ಕೇಂದ್ರ ಸರಕಾರ ಮೂರು ವರ್ಷಕ್ಕೆ 6000 ಕೋಟಿ ತೆಗೆದಿಟ್ಟಿದೆ. ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಅಂತ ಯೋಜನೆ, 2025ರ ಜನವರಿಯಿಂದ, 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಜರ್ನಲ್‌ಗೆ ಚಂದಾ. ಅದರೊಳಗೆ ಕೊಳೆರೋಗ ಹುಡುಕಿ ಕೊಡುವವರು ಯಾರು?

ನಾನು ಶನಿವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ ಮಾವ. ಪುಟ್ಟಿ ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ತೆಗೆದಿಡಲಿ, ಭಾನುವಾರ ಕೂತು ಅರ್ಜಿ ತುಂಬೋಣ. ಅತ್ತೆಗೆ ಹೇಳಿ, ಪತ್ರೊಡೆ ಮಾಡಿದರೆ ನನಗೆ ನಾಲ್ಕು ಜಾಸ್ತಿ.