'ಲಿಕ್ಕೆ'ಗೆ ಇಂಗ್ಲಿಷಿನಲ್ಲಿ 'ಫಾರ್ ಟು' ಎಂದರೆ ತಪ್ಪೇಕೆ?

ಪ್ರಶ್ನೆ (ಕಾಪುವಿನಿಂದ)

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಬಿ.ಕಾಂ. ಮುಗಿಸಿ, ಈಗ ಮಂಗಳೂರಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯಾಗಿದ್ದೇನೆ. ಕಳೆದ ವಾರ ನಾನು ಬರೆದ ಇಂಗ್ಲಿಷ್ ಪತ್ರವೊಂದು ಮೂರು ಕಡೆ ಕೆಂಪು ಶಾಯಿಯ ತಿದ್ದುಪಡಿಯೊಂದಿಗೆ ನನ್ನ ಮೇಜಿಗೆ ಹಿಂದಿರುಗಿತು. 'ದಿ ಮೆಂಬರ್ ಕೇಮ್ ಫಾರ್ ಟು ಕ್ಲೋಸ್ ಹಿಸ್ ಅಕೌಂಟ್' ಎಂದು ಬರೆದಲ್ಲಿ 'ಫಾರ್' ಹೊಡೆದುಹಾಕಲಾಗಿತ್ತು. 'ವಿ ಮೇಡ್ ಹಿಮ್ ಟು ಸೈನ್ ದಿ ಫಾರ್ಮ್' ಎಂಬಲ್ಲಿ 'ಟು' ಹೋಗಿತ್ತು. ಕೊನೆಯ ಸಾಲಾದ 'ವಿ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು' ಎಂಬುದರಲ್ಲಿ 'ಟು' ಹಾಗೆಯೇ ಉಳಿದು, 'ಹಿಯರ್' ಎಂಬುದು 'ಹಿಯರಿಂಗ್' ಆಗಿತ್ತು. 'ಟು' ಸೇರಿದ ಕ್ರಿಯಾಪದದ ಮೂಲರೂಪವೇ ಇನ್ಫಿನಿಟಿವ್ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿದೆ. ಆದರೆ ಅದೇ 'ಟು' ಒಂದೇ ಪತ್ರದಲ್ಲಿ ಮೂರು ರೀತಿ ನಡೆದುಕೊಳ್ಳುವುದು ಹೇಗೆ? ತಿದ್ದಿದವರಲ್ಲಿ ಕೇಳಿದಾಗ 'ಅದು ಹಾಗೆಯೇ' ಎಂದಷ್ಟೇ ಹೇಳಿದರು. ಕಾರಣ ತಿಳಿಯದೆ ಬಾಯಿಪಾಠ ಮಾಡಿದರೆ ಮುಂದಿನ ಪತ್ರದಲ್ಲಿ ಮತ್ತೆ ತಪ್ಪುತ್ತೇನೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ (ಉಡುಪಿಯಿಂದ, ನಿವೃತ್ತ ಇಂಗ್ಲಿಷ್ ಅಧ್ಯಾಪಕ)

ನಿಮ್ಮ ಮೂರು ತಪ್ಪುಗಳಿಗೂ ಕಾರಣ ಬೇರೆಬೇರೆ. ಮೊದಲನೆಯದು ನಮ್ಮ ಕರಾವಳಿಯ ಕನ್ನಡದಿಂದಲೇ ಹುಟ್ಟಿದ್ದು. ನಾವು 'ಮುಚ್ಚಲು ಬಂದರು' ಎನ್ನುವುದಕ್ಕಿಂತ 'ಮುಚ್ಚಲಿಕ್ಕೆ ಬಂದರು' ಎನ್ನುವುದೇ ಹೆಚ್ಚು. ಆ 'ಲಿಕ್ಕೆ'ಯ ಕೊನೆಯಲ್ಲಿ ಚತುರ್ಥೀ ವಿಭಕ್ತಿಯ 'ಕ್ಕೆ' ಕಿವಿಗೆ ಸ್ಪಷ್ಟವಾಗಿ ಬೀಳುವುದರಿಂದ, ಅದಕ್ಕೆ ಸಮನಾದ ಒಂದು ಶಬ್ದ ಇಂಗ್ಲಿಷಿನಲ್ಲಿಯೂ ಬೇಕೆಂದು ಮನಸ್ಸು ಹುಡುಕಿ 'ಫಾರ್' ತಂದಿಡುತ್ತದೆ. ಆದರೆ ಆ ಕೆಲಸವನ್ನು 'ಟು' ಆಗಲೇ ಮಾಡಿ ಮುಗಿಸಿರುತ್ತದೆ. ಹಳೆಯ ಇಂಗ್ಲಿಷಿನಲ್ಲಿ 'ಟು'ವಿನ ಮುಂದೆ ಬರುವ ಕ್ರಿಯಾರೂಪಕ್ಕೆ ಚತುರ್ಥಿಯ ಪ್ರತ್ಯಯವೇ ಹತ್ತುತ್ತಿತ್ತು. ಆ ಪ್ರತ್ಯಯ ಕಾಲಕ್ರಮದಲ್ಲಿ ಸವೆದುಹೋಗಿ 'ಟು' ಮಾತ್ರ ಉಳಿಯಿತು. ಹಾಗಾಗಿ 'ಫಾರ್ ಟು ಕ್ಲೋಸ್' ಎಂದರೆ 'ಮುಚ್ಚಲಿಕ್ಕೆಗೆ' ಎಂದಂತೆ. 14ನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನ ಪದ್ಯಗಳಲ್ಲಿ 'ಫಾರ್ ಟು' ಸಹಜವಾಗಿಯೇ ಬರುತ್ತದೆ, ಆದ್ದರಿಂದ ಇದು ಬುದ್ಧಿಗೇಡಿತನದ ತಪ್ಪಲ್ಲ. ಇಂದಿನ ಶಿಷ್ಟ ಬರಹದಲ್ಲಿ ಮಾತ್ರ ಅದಕ್ಕೆ ಸ್ಥಾನವಿಲ್ಲ.

'ಕೇಮ್ ಫಾರ್ ಕ್ಲೋಸಿಂಗ್' ಎಂದು ತಿದ್ದಿಕೊಳ್ಳುವವರೂ ಇದ್ದಾರೆ. ಅದನ್ನೂ ಬಿಡಿ. ವಸ್ತುವೊಂದು ಯಾವ ಉಪಯೋಗಕ್ಕೆ ಇರುವುದೆಂದು ಹೇಳುವಾಗ 'ಫಾರ್' ಒಪ್ಪುತ್ತದೆ. 'ಎ ನೈಫ್ ಫಾರ್ ಕಟಿಂಗ್ ಫಿಶ್' ಎಂದರೆ ಮೀನು ಕೊಯ್ಯುವ ಕತ್ತಿ. ಒಬ್ಬ ವ್ಯಕ್ತಿ ಯಾವ ಉದ್ದೇಶದಿಂದ ಬಂದ, ಹೋದ, ಬರೆದ ಎನ್ನುವಾಗ 'ಟು' ಸಾಕು.

ಎರಡನೆಯದು ಚಿಕ್ಕದು. 'ಮೇಕ್', 'ಲೆಟ್', ಹಾಗೂ ಕಂಡದ್ದು ಕೇಳಿದ್ದನ್ನು ಹೇಳುವ 'ಸೀ', 'ಹಿಯರ್' ಇವುಗಳ ನಂತರ ಇನ್ಫಿನಿಟಿವ್ 'ಟು' ಇಲ್ಲದೆ ಬರುತ್ತದೆ. ವಾಕ್ಯ ಕರ್ಮಣಿಗೆ ತಿರುಗಿದಾಗ 'ಹಿ ವಾಸ್ ಮೇಡ್ ಟು ಸೈನ್' ಎಂದು 'ಟು' ಮರಳುತ್ತದೆ. ಆದರೆ ವ್ಯಾಕರಣಕ್ಕಿಂತ ಹೆಚ್ಚಾಗಿ ನನಗೆ ಆ ವಾಕ್ಯದ ಅರ್ಥದ ಬಗ್ಗೆಯೇ ಆತಂಕವಿದೆ. ನೀವು ಮನಸ್ಸಿನಲ್ಲಿ ಇಟ್ಟುಕೊಂಡದ್ದು 'ಸಹಿ ಹಾಕಿಸಿದೆವು' ಎಂಬುದನ್ನು. ಕನ್ನಡದ 'ಇಸು' ಪ್ರತ್ಯಯದಲ್ಲಿ ಒತ್ತಾಯ ಇರಲೇಬೇಕೆಂದಿಲ್ಲ. ಇಂಗ್ಲಿಷಿನ 'ಮೇಡ್ ಹಿಮ್ ಸೈನ್' ಎಂಬುದರಲ್ಲಿ ಬಲವಂತದ ವಾಸನೆ ಇದೆ. ಸದಸ್ಯರಿಗೆ ಸಂಬಂಧಿಸಿದ ಪತ್ರದಲ್ಲಿ 'ವಿ ಆಸ್ಕ್ಡ್ ಹಿಮ್ ಟು ಸೈನ್' ಎಂದೇ ಬರೆಯಬೇಕು. ಇಲ್ಲಿ 'ಟು' ಬೇಕೇ ಬೇಕು.

ಮೂರನೆಯದರಲ್ಲಿ ಇರುವುದು ಇನ್ಫಿನಿಟಿವಿನ 'ಟು' ಅಲ್ಲ, ನಾಮಪದದ ಮೊದಲು ಬರುವ ಬರಿಯ ಉಪಸರ್ಗ (ಪ್ರೆಪೊಸಿಶನ್). ಗುರುತಿಸುವ ಉಪಾಯವೊಂದಿದೆ: ಆ ಜಾಗದಲ್ಲಿ ಒಂದು ನಾಮಪದವನ್ನು ಇಟ್ಟು ನೋಡಿ. 'ವಿ ಲುಕ್ ಫಾರ್ವರ್ಡ್ ಟು ಯುವರ್ ಲೆಟರ್' ಎಂದರೆ ವಾಕ್ಯ ನಿಲ್ಲುತ್ತದೆ, ಆದ್ದರಿಂದ ಕ್ರಿಯಾಪದ ಬಂದರೂ ಅದು 'ಹಿಯರಿಂಗ್' ಎಂದು ನಾಮರೂಪ ತಾಳಬೇಕು. 'ವಿ ಡಿಸೈಡೆಡ್ ಟು ಯುವರ್ ಲೆಟರ್' ಎಂದರೆ ನಿಲ್ಲುವುದಿಲ್ಲ, ಹಾಗಾಗಿ ಅಲ್ಲಿರುವುದು ಇನ್ಫಿನಿಟಿವ್.

ಉತ್ತರ (ಮಂಗಳೂರಿನಿಂದ, ಅನುವಾದಕಿ)

ಮೇಲಿನ ಮಾಷ್ಟ್ರ ವಿವರಣೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಮ್ಮ ಕನ್ನಡ ಇಂಗ್ಲಿಷ್ ಕಲಿಕೆಗೆ ನೆರವಾಗುವ ಕಡೆಗಳೂ ಇವೆ ಎಂಬುದನ್ನು ಸೇರಿಸಬೇಕೆನಿಸಿತು. 'ನನಗೆ ಉಡುಪಿಗೆ ಹೋಗಲಿಕ್ಕುಂಟು' ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ತುಳುವಿನಲ್ಲಿ 'ಪೋಯೆರೆ ಉಂಡು' ಎನ್ನುವುದೂ ಇದೇ. 'ನನಗೆ ಉಂಟು' ಎಂದರೆ 'ಐ ಹ್ಯಾವ್', 'ಹೋಗಲಿಕ್ಕೆ' ಎಂದರೆ 'ಟು ಗೋ'. ಎರಡನ್ನೂ ಕೂಡಿಸಿದರೆ 'ಐ ಹ್ಯಾವ್ ಟು ಗೋ' ಎಂಬುದು ತಾನಾಗಿಯೇ ಸಿಗುತ್ತದೆ.

ಇನ್ಫಿನಿಟಿವ್ ಬಂದರೆ ಒಂದು ಅರ್ಥ, 'ಇಂಗ್' ಬಂದರೆ ಇನ್ನೊಂದು ಅರ್ಥ ಎನ್ನುವಂಥ ಕ್ರಿಯಾಪದಗಳಲ್ಲಿಯೂ ಕನ್ನಡವೇ ದಾರಿ ತೋರಿಸುತ್ತದೆ. 'ಐ ಸ್ಟಾಪ್ಡ್ ಟು ಟಾಕ್' ಎಂದರೆ ಮಾತಾಡಲಿಕ್ಕೆ ನಿಂತೆ. 'ಐ ಸ್ಟಾಪ್ಡ್ ಟಾಕಿಂಗ್' ಎಂದರೆ ಮಾತಾಡುವುದನ್ನು ನಿಲ್ಲಿಸಿದೆ. 'ರಿಮೆಂಬರ್ ಟು ಲಾಕ್ ದಿ ಡೋರ್' ಎಂಬುದು ಬೀಗ ಹಾಕಲು ಮರೆಯಬೇಡ ಎಂಬ ಎಚ್ಚರಿಕೆ. 'ಐ ರಿಮೆಂಬರ್ ಲಾಕಿಂಗ್ ದಿ ಡೋರ್' ಎಂಬುದು ಬೀಗ ಹಾಕಿದ್ದು ನೆನಪಿದೆ ಎಂಬ ಮಾತು. ಮುಂದೆ ಆಗಬೇಕಾದ್ದಕ್ಕೆ 'ಲು', ಆಗಿಹೋದದ್ದಕ್ಕೆ 'ಇದ್ದು' ಎಂದು ಕನ್ನಡ ಬೇರ್ಪಡಿಸಿ ಹೇಳುವುದರಿಂದ, ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡರೆ ಇಲ್ಲಿ ತಪ್ಪುವುದಿಲ್ಲ.

ಒಂದು ಕಡೆ ಮಾತ್ರ ನಮ್ಮ ಬಾಯಿಮಾತು ಕೈಕೊಡುತ್ತದೆ. 'ನನಗೆ ಆಟ ನೋಡ್ಲಿಕ್ಕೆ ಇಷ್ಟ' ಎನ್ನುವ ರೂಢಿಯಿಂದ 'ಐ ಎಂಜಾಯ್ ಟು ವಾಚ್ ಯಕ್ಷಗಾನ' ಎಂದು ಬರೆಯುವವರನ್ನು ನೋಡಿದ್ದೇನೆ. 'ಲೈಕ್' ಎರಡನ್ನೂ ಸಹಿಸುತ್ತದೆ. 'ಎಂಜಾಯ್', 'ಅವಾಯ್ಡ್', 'ಫಿನಿಶ್' ಇವುಗಳಿಗೆ 'ವಾಚಿಂಗ್' ಎಂಬಂಥ ರೂಪವೇ ಬೇಕು. ಇವನ್ನು ಒಂದೊಂದಾಗಿ ನೆನಪಿಡುವುದಲ್ಲದೆ ಬೇರೆ ದಾರಿ ನನಗೆ ಸಿಕ್ಕಿಲ್ಲ.

ಪ್ರಶ್ನೆ ಕೇಳಿದವರಿಂದ

ಮಾಷ್ಟ್ರಿಗೂ ಅಕ್ಕನಿಗೂ ಕೃತಜ್ಞತೆಗಳು. ನಾಮಪದ ಇಟ್ಟು ನೋಡುವ ಉಪಾಯದಿಂದ ನನ್ನ ಹಳೆಯ ಪತ್ರಗಳ ಕಡತ ತೆರೆದು ನೋಡಿದಾಗ ಇನ್ನೂ ಎರಡು ತಪ್ಪುಗಳು ಸಿಕ್ಕಿದವು. ಇನ್ನೆರಡು ಸಂದೇಹಗಳಿವೆ. 'ಸದಸ್ಯರು ಖುದ್ದಾಗಿ ಬರಬೇಕೆಂದು ನಮ್ಮ ಅಪೇಕ್ಷೆ' ಎಂಬುದನ್ನು 'ವಿ ವಾಂಟ್ ದಟ್ ದಿ ಮೆಂಬರ್ ಶುಡ್ ಕಮ್' ಎಂದು ಬರೆಯಬಹುದೇ? 'ಟು' ಮತ್ತು ಕ್ರಿಯಾಪದದ ನಡುವೆ ಬೇರೆ ಶಬ್ದ ಬರಬಾರದು ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ (ಉಡುಪಿಯಿಂದ, ಅದೇ ಅಧ್ಯಾಪಕ)

'ವಾಂಟ್' ಎಂಬುದರ ನಂತರ 'ದಟ್' ಬೇಡ. ಕನ್ನಡದ 'ಎಂದು' ಅಲ್ಲಿ ನಮ್ಮನ್ನು ಎಳೆಯುತ್ತದೆ. 'ವಿ ವಾಂಟ್ ದಿ ಮೆಂಬರ್ ಟು ಕಮ್ ಇನ್ ಪರ್ಸನ್' ಎಂದು, ಬರಬೇಕಾದವರನ್ನು ಮೊದಲು ಹೇಳಿ ಆಮೇಲೆ ಇನ್ಫಿನಿಟಿವ್ ಇಡಿ. ಆದರೆ 'ಸಜೆಸ್ಟ್' ಇದಕ್ಕೆ ತದ್ವಿರುದ್ಧ: 'ವಿ ಸಜೆಸ್ಟ್ ಹಿಮ್ ಟು ಕಮ್' ಎಂಬುದು ತಪ್ಪು, 'ವಿ ಸಜೆಸ್ಟ್ ದಟ್ ಹಿ ಕಮ್' ಎಂಬುದು ಸರಿ.

ನಡುವೆ ಶಬ್ದ ಬರಬಾರದು ಎಂಬ ಕಟ್ಟಳೆಗೆ 19ನೆಯ ಶತಮಾನದ ಇಂಗ್ಲಿಷ್ ವ್ಯಾಕರಣಕಾರರು ಬಲ ಕೊಟ್ಟರು. ಅದನ್ನು ಮುರಿದರೆ ವ್ಯಾಕರಣ ಕೆಡುವುದಿಲ್ಲ. 'ವಿ ಡಿಸೈಡೆಡ್ ಟು ಗ್ರಾಜುಯಲಿ ರೆಡ್ಯೂಸ್ ದಿ ಚಾರ್ಜಸ್' ಎಂಬ ವಾಕ್ಯದಲ್ಲಿ 'ಗ್ರಾಜುಯಲಿ'ಯನ್ನು 'ಟು'ವಿನ ಹಿಂದಕ್ಕೆ ಸರಿಸಿದರೆ, ನಿಧಾನವಾಗಿ ಇಳಿಸುವುದೋ ನಿಧಾನವಾಗಿ ತೀರ್ಮಾನಿಸಿದ್ದೋ ಎಂಬ ಗೊಂದಲವಾಗುತ್ತದೆ. ಅಂಥಲ್ಲಿ ನಡುವೆಯೇ ಇರಲಿ. ನಿಮ್ಮ ಮೇಲಧಿಕಾರಿಗಳಿಗೆ ಅದು ಹಿಡಿಸದಿದ್ದರೆ ಆ ಶಬ್ದವನ್ನು ವಾಕ್ಯದ ಕೊನೆಗೆ ಒಯ್ಯಿರಿ, ಅರ್ಥಕ್ಕೆ ಊನವಾಗುವುದಿಲ್ಲ.